ಇಟ್ಟಿಗೆ ಗೂಡಿಗೆ ಮಣ್ಣು ಮಾರಿದ ಹೊಲಕ್ಕೆ ಬಿದಿರು ಹಾಕಬಹುದಾ? ಹಾಕಿ, ಆದ್ರೆ ಐದೂ ಎಕರೆಗೆ ಬೇಡ

ಪ್ರಶ್ನೆ: ಸರ್, ನಮ್ಮದು ಮಧುಗಿರಿ ತಾಲ್ಲೂಕು, ಐದು ಎಕರೆ ಕೆಂಪು ಮಣ್ಣಿನ ಹೊಲ. ಅದರಲ್ಲಿ ಒಂದೂವರೆ ಎಕರೆ ಮೇಲ್ಮಣ್ಣನ್ನ ನಮ್ಮ ತಂದೆಯವರು ಕಷ್ಟಕಾಲದಲ್ಲಿ ಇಟ್ಟಿಗೆ ಗೂಡಿಗೆ ಮಾರಿಬಿಟ್ರು, ಈಗ ಅಲ್ಲಿ ಬರೀ ಗರಸು, ಹುರುಳಿ ಚೆಲ್ಲಿದ್ರೂ ಗೇಣುದ್ದ ಬಂದು ಒಣಗುತ್ತೆ. ಉಳಿದಿದ್ದು ಇಳಿಜಾರು, ರಾಗಿ ಕಡ್ಲೆಕಾಯಿ ಹಾಕ್ತೀವಿ, ಇಳುವರಿ ವರ್ಷವರ್ಷ ಇಳೀತಾ ಇದೆ, ಕೆಳಗಡೆ ಹಳ್ಳದ ಕಡೆ ಆಳುದ್ದದ ಕೊರಕಲು ಬಿದ್ದಿದೆ. ಬೋರ್‌ನಲ್ಲಿ ಒಂದೂವರೆ ಇಂಚು ನೀರು, ಬೇಸಿಗೇಲಿ ಅದನ್ನೂ ನಂಬೋ ಹಂಗಿಲ್ಲ. ನರ್ಸರಿ ಏಜೆಂಟ್ ಒಬ್ರು ಬಂದು ಐದೂ ಎಕರೆಗೆ ಟಿಶ್ಯೂ ಕಲ್ಚರ್ ಬಿದಿರು ಹಾಕಿ, ನಾಲ್ಕನೇ ವರ್ಷದಿಂದ ಎಕರೆಗೆ ಲಕ್ಷಗಟ್ಟಲೆ ಬರುತ್ತೆ, ಅಂತರ್ಜಲನೂ ಏರುತ್ತೆ, ಗಳ ನಾವೇ ಕೊಂಡ್ಕೋತೀವಿ ಅಂತಿದ್ದಾರೆ. ಪಕ್ಕದ ಹೊಲದೋರು ಬಿದಿರು ಬೇರು ನಮ್ ಕಡೆ ನುಗ್ಗುತ್ತೆ ಅಂತ ಈಗಲೇ ಜಗಳಕ್ಕೆ ನಿಂತಿದ್ದಾರೆ. ನಮ್ ದೊಡ್ಡಪ್ಪ ಬಿದಿರು ಹೂ ಬಿಟ್ರೆ ಬರಗಾಲ ಬರುತ್ತೆ, ಮನೆಗೆ ಆಗಿಬರಲ್ಲ ಅಂತಾರೆ. ರಾಗಿ ಬಿಡದೇನೇ ಜೊತೇಲಿ ಬಿದಿರು ಬೆಳೆಯೋಕಾಗುತ್ತಾ? ಆ ಗರಸು ನೆಲ ಮತ್ತೆ ಹೊಲ ಆಗುತ್ತಾ? ಮುಂದೆ ಕಡಿಯೋಕೆ ಫಾರೆಸ್ಟ್‌ನವರ ಪರ್ಮಿಶನ್ ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಐದು ಎಕರೆ ಅಂತ ಇದೆ, ಆದ್ರೆ ನನಗೆ ಕಾಣ್ತಿರೋದು ಮೂರು ಬೇರೆ ಬೇರೆ ಜಮೀನು. ಮಣ್ಣು ತೆಗೆದಿರೋ ಒಂದೂವರೆ ಎಕರೆ ಒಂದು, ಬೆಳೆ ಇನ್ನೂ ಬರ್ತಿರೋ ಇಳಿಜಾರು ಒಂದು, ಆ ಕೊರಕಲು ಇನ್ನೊಂದು. ಮೂರಕ್ಕೂ ರೋಗ ಬೇರೆ, ಮದ್ದೂ ಬೇರೆ. ಏಜೆಂಟ್ ಮೂರಕ್ಕೂ ಒಂದೇ ಮಾತ್ರೆ ಕೊಡ್ತಿದ್ದಾರೆ, ಅಲ್ಲೇ ನನಗೆ ಅನುಮಾನ. ಬೆಳೆ ಬರದೇ ಇರೋ ಜಾಗಕ್ಕೆ ಬಿದಿರು, ಬೆಳೆ ಬರೋ ಜಾಗಕ್ಕೆ ಬೆಳೆ, ಕೃಷಿ ಅರಣ್ಯದ ಕೆಲಸದಲ್ಲಿ ಹೊಲ ಹೊಲ ತಿರುಗಿ ನಾನು ಕಂಡುಕೊಂಡಿದ್ದು ಇಷ್ಟೇ, ಉಳಿದಿದ್ದೆಲ್ಲಾ ಇದರ ವಿವರ.

ಮೊದಲು ಊರವರ ಮಾತುಗಳನ್ನ ನೋಡೋಣ, ಯಾಕಂದ್ರೆ ಜಗಳ ಅಲ್ಲೇ ಇದೆ.

ಬಿದಿರು ಹೊಲ ಎಲ್ಲಾ ಹಬ್ಬುತ್ತೆ ಅನ್ನೋದು ಅರ್ಧ ತಪ್ಪು, ಅರ್ಧ ಸರಿ. ಚೀನಾ ಜಪಾನ್ ಕಡೆ ನೆಲದೊಳಗೇ ಓಡೋ ಜಾತಿಗಳಿವೆ, ಅವು ನಿಜವಾಗ್ಲೂ ಎಲ್ಲೆಲ್ಲೋ ತಲೆ ಎತ್ತುತ್ವೆ. ನಮ್ಮ ಕಡೆ ಇರೋ ಕಿರುಬಿದಿರು, ಹೆಬ್ಬಿದಿರು, ಮಾರಿಹಾಳ ಬಿದಿರು, ಬಾಲ್ಕೂವಾ ಎಲ್ಲಾ ಮೆಳೆ ಕಟ್ಟೋ ಜಾತಿ, ಅಂದ್ರೆ ಒಂದೇ ಕಡೆ ಗುಂಪಾಗಿ ಬೆಳೆಯೋವು, ಬುಡದ ಗೆಡ್ಡೆ ವರ್ಷಕ್ಕೆ ಸ್ವಲ್ಪ ಸ್ವಲ್ಪ ಅಗಲ ಆಗುತ್ತೆ ಅಷ್ಟೆ, ಪಕ್ಕದ ಹೊಲದಲ್ಲಿ ಕಳಲೆ (ಬಿದಿರಿನ ಎಳೇ ಮೊಳಕೆ) ಎದ್ದೇಳಲ್ಲ. ಆದ್ರೆ ಗೆಡ್ಡೆ ಬೇರೆ, ಬೇರು ಬೇರೆ. ದಾರದಂಥ ಬೇರುಗಳು ಮೇಲಿನ ಒಂದೆರಡು ಅಡಿ ಮಣ್ಣಲ್ಲೇ ಜಾಲ ಕಟ್ಟಿ ದೂರ ಹೋಗ್ತವೆ. ಕೇರಳದ ತೋಟಗಳಲ್ಲಿ ಹೆಬ್ಬಿದಿರನ್ನ ಅಗೆದು ನೋಡಿದ ಅಧ್ಯಯನ ಒಂದಿದೆ, ದೊಡ್ಡ ಮೆಳೆಗಳ ಬೇರು ಎಂಟು ಮೀಟರ್ ದೂರಕ್ಕೂ ಹೋಗಿತ್ತು. ರಾಗಿ ಬೇರೂ ಅದೇ ಮೇಲ್ಪದರದಲ್ಲೇ ಇರೋದು. ಹಾಗಾಗಿ ನಿಮ್ಮ ಪಕ್ಕದೋರು ಭಯ ಪಡೋದ್ರಲ್ಲಿ ನ್ಯಾಯ ಇದೆ, ಬಿದಿರು ಅವರ ಹೊಲದಲ್ಲಿ ಹುಟ್ಟಲ್ಲ ನಿಜ, ಆದ್ರೆ ಬದುವಿನ ಮೇಲೇ ನೆಟ್ರೆ ಅವರ ನಾಲ್ಕೈದು ಸಾಲು ರಾಗಿ ಸೊರಗುತ್ತೆ, ನೆರಳೂ ಬೀಳುತ್ತೆ. ಅವರ ಗಡಿಯಿಂದ ಕನಿಷ್ಠ ಎಂಟು ಮೀಟರ್ ಒಳಗೆ ಬನ್ನಿ, ಮಧ್ಯೆ ಎರಡಡಿ ಆಳದ ಕಂದಕ ತೆಗೀರಿ, ಅವರಿಗೂ ಕರೆದು ತೋರಿಸಿ. ಇಷ್ಟು ಮಾಡಿದ್ರೆ ಜಗಳಕ್ಕೆ ಕಾರಣ ಇರಲ್ಲ. ಆಮೇಲೂ ಜಗಳ ಆಡಿದ್ರೆ ಅದು ಬಿದಿರಿನ ಜಗಳ ಅಲ್ಲ ಬಿಡಿ.

ದೊಡ್ಡಪ್ಪನ ಮಾತನ್ನ ನಾನು ತಳ್ಳಿಹಾಕಲ್ಲ. ಬಿದಿರು ಹೂ ಬಿಟ್ರೆ ಬರ ಅನ್ನೋ ಮಾತಿನ ಹಿಂದೆ ನಿಜವಾದ ಅನುಭವ ಇದೆ. ಬಿದಿರು ದಶಕಗಟ್ಟಲೆ ಹೂವೇ ಬಿಡದೆ ಇದ್ದು ಒಂದ್ಸಲ ಕಾಡಿಗೆ ಕಾಡೇ ಹೂ ಬಿಟ್ಟು, ಅಕ್ಕಿ ಉದುರಿಸಿ, ಸತ್ತು ಹೋಗುತ್ತೆ. ಆ ಅಕ್ಕಿ ತಿಂದು ಇಲಿ ಹೆಗ್ಗಣ ವಿಪರೀತ ಆಗ್ತವೆ, ಬಿದಿರಕ್ಕಿ ಮುಗಿದ ಮೇಲೆ ಹೊಲಕ್ಕೆ ಕಣಜಕ್ಕೆ ನುಗ್ತವೆ. ಮಿಜೋರಾಂನಲ್ಲಿ 1959ರಲ್ಲಿ ಹಿಂಗೇ ಆಗಿ ಜನ ಹಸಿವಿಂದ ಒದ್ದಾಡಿದ್ರು, 2006ರ ಹೊತ್ತಿಗೆ ಮತ್ತೆ ಹೂ ಬಂತು. ಆದ್ರೆ ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ಒಂದೇ ಜಾತಿ ಬಿದಿರು, ನಿಮ್ಮ ಹೊಲದ ಇನ್ನೂರು ಚಿಲ್ಲರೆ ಮೆಳೆ ಬರ ತರಲ್ಲ. ನಿಮಗೆ ಇರೋ ರಿಸ್ಕ್ ಬೇರೆ ಥರದ್ದು. ನಿಮಗೆ ನಾನು ಮುಂದೆ ಹೇಳೋ ಕಿರುಬಿದಿರು ಸುಮಾರು 25ರಿಂದ 45 ವರ್ಷದ ಚಕ್ರದಲ್ಲಿ ಹೂ ಬಿಡುತ್ತೆ, ಆ ಲೆಕ್ಕ ಬೀಜ ಮೊಳೆತ ದಿನದಿಂದ ಶುರು. ಹಳೇ ಮೆಳೆಯಿಂದ ಗಡ್ಡೆನೋ ಕಟಿಂಗೋ ತಂದು ನೆಟ್ರೆ ನಿಮ್ಮ ಗಿಡಕ್ಕೆ ತಾಯಿ ಮೆಳೆಯ ವಯಸ್ಸೇ ಬರುತ್ತೆ, ಟಿಶ್ಯೂ ಕಲ್ಚರ್ ಗಿಡಕ್ಕೂ ಹಂಗೇ. ತಾಯಿಗೆ 30 ವರ್ಷ ಆಗಿದ್ರೆ ನಿಮ್ಮದು ನಾಲ್ಕೈದು ವರ್ಷಕ್ಕೇ ಹೂ ಬಿಟ್ಟು ಒಣಗಬಹುದು. ಅದಕ್ಕೇ ಗಿಡ ಕೊಳ್ಳುವಾಗ ಇದು ಬೀಜದ ಸಸಿನಾ, ಬೀಜ ಯಾವ ವರ್ಷದ್ದು, ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ತಡವರಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಹಾವಿನ ವಿಷಯ ನೀವು ಕೇಳಿಲ್ಲ, ಯಾರಾದ್ರೂ ಹೇಳೇ ಹೇಳ್ತಾರೆ. ಬುಡ ಕ್ಲೀನ್ ಇಲ್ಲದ ಮುಳ್ಳುಮೆಳೆಯಲ್ಲಿ ಇಲಿ ಇರ್ತವೆ, ಇಲಿ ಇದ್ದ ಕಡೆ ಹಾವೂ ಬರುತ್ತೆ. ಮನೆಯಿಂದ ದೂರ ನೆಡಿ, ಮುಳ್ಳಿಲ್ಲದ ಜಾತಿ ನೆಡಿ, ಮುಗೀತು.

ಈಗ ನೀರು. ಇಲ್ಲಿ ಎರಡು ಕಡೆಯವರೂ ತಪ್ಪು ಹೇಳ್ತಾರೆ. ನೀಲಗಿರಿ ಥರ ಬಿದಿರು ಪಾತಾಳದ ನೀರು ಹೀರುತ್ತೆ ಅನ್ನೋರು ಒಂದು ಕಡೆ. ಬಿದಿರಿಗೆ ಆ ಥರದ ತಾಯಿಬೇರೇ ಇಲ್ಲ, ನಿಮ್ಮ ಸೀಮೆಯ ಎಂಟುನೂರರಿಂದ ಸಾವಿರ ಅಡಿ ಆಳದ ಬೋರಿನ ನೀರು ಅದರ ಬೇರಿಗೆ ಎಟುಕೋದೇ ಇಲ್ಲ. ಆದ್ರೆ ಮೇಲ್ಪದರದ ತೇವವನ್ನ ಜೋರಾಗೇ ಕುಡಿಯುತ್ತೆ, ಎಲೆ ಅಷ್ಟೊಂದಿದೆಯಲ್ಲ. ಇನ್ನೊಂದು ಕಡೆ ಅಂತರ್ಜಲ ಏರುತ್ತೆ ಅನ್ನೋ ಏಜೆಂಟರು. ಅವರು ಹೇಳೋದು ಸಾಮಾನ್ಯವಾಗಿ ಅಲಹಾಬಾದ್ (ಈಗಿನ ಪ್ರಯಾಗ್‌ರಾಜ್) ಹತ್ತಿರದ ಕೋಟ್ವಾ, ರಹೀಮಾಬಾದ್ ಊರುಗಳ ಕಥೆ. ಅಲ್ಲೂ ನಿಮ್ಮ ಥರವೇ ಇಟ್ಟಿಗೆ ಗೂಡಿಗೆ ಮಣ್ಣು ಕೊಟ್ಟು ಹಾಳಾದ ಭೂಮಿ. 1996ರಲ್ಲಿ ಅಂತರರಾಷ್ಟ್ರೀಯ ಬಿದಿರು ಸಂಸ್ಥೆ ಇನ್‌ಬಾರ್ ಮತ್ತೆ ಸ್ಥಳೀಯ ಸಂಸ್ಥೆಯೊಂದು ಸೇರಿ ನೂರು ಹೆಕ್ಟೇರ್ ಚಿಲ್ಲರೆ ಜಾಗದಲ್ಲಿ ಶುರು ಮಾಡಿದ್ರು, ವರ್ಷಗಳಲ್ಲಿ ನೆಲ ಹಸಿರಾಯ್ತು, ಧೂಳುಗಾಳಿ ಕಮ್ಮಿ ಆಯ್ತು, ಬಾವಿ ನೀರು ಮೇಲೆ ಬಂತು ಅಂತ ಅವರ ವರದಿಗಳು ಹೇಳ್ತವೆ. ಕಥೆ ಒಳ್ಳೇದೇ. ಆದ್ರೆ ಅದು ಗಂಗಾ ಬಯಲು, ಮೇಲಿನ ಮಣ್ಣು ತೆಗೆದ್ರೆ ಕೆಳಗೆ ಇನ್ನೂ ಹತ್ತಾರು ಮೀಟರ್ ಮೆಕ್ಕಲು ಮಣ್ಣೇ ಇದೆ, ಬಿದಿರಿನ ಜೊತೆ ಬೇರೆ ಮರಗಿಡನೂ ಹಾಕಿದ್ರು. ನಿಮ್ಮಲ್ಲಿ ಮೇಲ್ಮಣ್ಣು ಹೋದ್ರೆ ಗರಸು, ಅದರ ಕೆಳಗೆ ಕಲ್ಲು. ಅಲ್ಲಿನ ಫೋಟೋ ತೋರಿಸಿ ಇಲ್ಲಿ ಗಿಡ ಮಾರೋದು ಸರಿಯಲ್ಲ. ಬಿದಿರು ಇದ್ದ ಕಡೆ ಮಳೆ ಹನಿ ನೆಲಕ್ಕೆ ಹೊಡೆಯಲ್ಲ, ತರಗಿನ ಮೇಲೆ ನೀರು ನಿಧಾನ ಆಗಿ ಒಳಗೆ ಇಂಗುತ್ತೆ, ಇದು ಖಂಡಿತ. ಇಂಗಿದ್ದರಲ್ಲಿ ಒಂದು ಪಾಲು ಅದೇ ಕುಡಿಯುತ್ತೆ, ಇದೂ ಖಂಡಿತ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ ನೋಡೋ ಸೀಮೆಯಲ್ಲಿ ಬೋರ್ ತುಂಬುತ್ತೆ ಅನ್ನೋ ಆಸೆ ಇಟ್ಕೊಂಡು ಬಿದಿರು ಹಾಕ್ಬೇಡಿ. ಬೋರ್ ತುಂಬಬೇಕಾದ್ರೆ ಕಂದಕ, ಬದು, ಇಂಗುಗುಂಡಿ ಬೇಕು.

ಹಂಗಾದ್ರೆ ಬಿದಿರು ಹಾಳಾದ ನೆಲಕ್ಕೆ ಏನು ಮಾಡುತ್ತೆ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಮುಂದಿನ ಲೆಕ್ಕವೆಲ್ಲಾ ಇದರ ಮೇಲೇ ನಿಂತಿರೋದು.

ನಿಮ್ಮ ತಂದೆಯವರು ಮಾರಿದ ಆ ಒಂದಡಿ ಎರಡಡಿಯಲ್ಲಿ ಬರೀ ಮಣ್ಣಿರಲಿಲ್ಲ, ತಲೆತಲಾಂತರ ಕೊಟ್ಟಿಗೆ ಗೊಬ್ಬರ ಹಾಕಿ ಕಟ್ಟಿದ ಸಾವಯವ ಅಂಶ, ಎರೆಹುಳು, ಸೂಕ್ಷ್ಮಜೀವಿ ಎಲ್ಲಾ ಇತ್ತು. ತಂದೆಯವರ ಮೇಲೆ ಬೇಜಾರು ಬೇಡ, ಬರದ ವರ್ಷಗಳಲ್ಲಿ ಇದನ್ನ ಮಾಡಿದ ಮನೆಗಳು ನಿಮ್ಮ ಕಡೆ ಕೋಲಾರದ ಕಡೆ ಬೇಕಾದಷ್ಟಿವೆ. ಈಗ ಉಳಿದಿರೋ ಗರಸಿಗೆ ನೀರು ಹಿಡಿಯೋ ಶಕ್ತಿ ಇಲ್ಲ, ಮಳೆ ಬಿದ್ದ ತಕ್ಷಣ ಮೇಲೆ ಹೆಪ್ಪುಗಟ್ಟಿ ನೀರು ಹರಿದುಹೋಗುತ್ತೆ, ಹದಿನೈದು ದಿನ ಮಳೆ ಕೈಕೊಟ್ರೆ ಹುರುಳಿನೂ ಸಾಯುತ್ತೆ. ಬಿದಿರು ಇಂಥ ಕಡೆ ಮೂರು ಕೆಲಸ ಮಾಡುತ್ತೆ. ಬೇರಿನ ಜಾಲ ಮಣ್ಣನ್ನ ಹಿಡಿದು ನಿಲ್ಲಿಸುತ್ತೆ. ಎಲೆ ಉದುರಿಸಿ ನೆಲಕ್ಕೆ ಹೊದಿಕೆ ಹಾಸುತ್ತೆ. ಸಣ್ಣ ಬೇರುಗಳು ಒಳಗೇ ಸತ್ತು ಕೊಳೆತು ನೀರಿಗೆ ದಾರಿ ಮಾಡ್ತವೆ, ಸಾವಯವ ಅಂಶನೂ ಬಿಡ್ತವೆ.

ಆದ್ರೆ ಬಿದಿರು ಗೊಬ್ಬರದ ಗಿಡ ಅಲ್ಲ, ಇದನ್ನ ತುಂಬಾ ಜನ ಮರೀತಾರೆ. ಅದು ಹುಲ್ಲಿನ ಜಾತಿ, ಹೊಂಗೆ, ಗ್ಲಿರಿಸಿಡಿಯಾ, ತೊಗರಿ ಥರ ಸಾರಜನಕ ಕಟ್ಟಲ್ಲ. ಅದರ ಎಲೇಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯಲ್ಲ. ಪೊಟ್ಯಾಶ್ ಚೆನ್ನಾಗಿ ಎಳ್ಕೊಳ್ಳುತ್ತೆ, ನೀವು ಪ್ರತಿ ವರ್ಷ ಗಳ ಕಡಿದು ಲಾರಿಗೆ ಹಾಕಿದ್ರೆ ಆ ಪೊಟ್ಯಾಶೂ ಲಾರಿ ಹತ್ತಿ ಹೋಯ್ತು ಅಂತಾನೇ. ತರಗನ್ನ ಗುಡಿಸಿ ಕೊಟ್ಟಿಗೆಗೆ ಹಾಕಿದ್ರೆ, ಇಲ್ಲಾ ಬೇಸಿಗೇಲಿ ಬೆಂಕಿ ಬಿದ್ರೆ, ನೆಲ ಸುಧಾರಿಸೋ ಕಥೆ ಅಲ್ಲಿಗೇ ನಿಲ್ತು.

ಇಂಡೋನೇಷ್ಯಾದ ಪಶ್ಚಿಮ ಜಾವಾದಲ್ಲಿ ರೈತರು ತಲೆಮಾರುಗಳಿಂದ ಒಂದು ಪದ್ಧತಿ ನಡೆಸ್ಕೊಂಡು ಬಂದಿದ್ದಾರೆ, ತಾಲೂನ್ ಕೆಬೂನ್ ಅಂತ ಹೆಸರು. ಬಿದಿರನ್ನ ಕಡಿದು ಮೊದಲ ವರ್ಷ ತರಕಾರಿ, ಮರುವರ್ಷ ಮರಗೆಣಸು, ಅಷ್ಟೊತ್ತಿಗೆ ಬುಡದಿಂದ ಬಿದಿರು ಮತ್ತೆ ಎದ್ದಿರುತ್ತೆ, ನಾಲ್ಕೈದು ವರ್ಷ ಅದಕ್ಕೇ ಬಿಟ್ಟುಬಿಡ್ತಾರೆ. ಬಿದಿರು ಇಲ್ಲದಿದ್ರೆ ನೆಲ ಸಾಯುತ್ತೆ ಅಂತಾರಂತೆ ಅಲ್ಲಿನ ರೈತರು. ವಿಜ್ಞಾನಿಗಳು ಹೋಗಿ ಅಳೆದು ನೋಡಿದಾಗ ಮಳೆಗೆ ಕೆಳಗಿಳಿದು ಹೋಗ್ತಿದ್ದ ಪೋಷಕಾಂಶವನ್ನ ಬಿದಿರಿನ ಬೇರು ಹಿಡಿದು ಎಲೆ ಮೂಲಕ ಮತ್ತೆ ಮೇಲಕ್ಕೆ ತರ್ತಿರೋದು ಗೊತ್ತಾಯ್ತು. ಗಮನಿಸಿ, ಅಲ್ಲಿ ಮಳೆ ನಿಮ್ಮದರ ಮೂರು ನಾಲ್ಕು ಪಟ್ಟು, ಆದ್ರೂ ನೆಲ ಸುಧಾರಿಸೋಕೆ ವರ್ಷಗಟ್ಟಲೆ ಬಿಡ್ತಾರೆ. ನಿಮ್ಮ ಗರಸು ನೆಲ ಮತ್ತೆ ಹೊಲ ಆಗುತ್ತಾ ಅಂದ್ರಿ. ಹತ್ತು ವರ್ಷದ ಲೆಕ್ಕ ಹಾಕಿ, ಮೇಲಿನ ಕೆಲವು ಇಂಚು ಮಣ್ಣು ಬಣ್ಣ ತಿರುಗುತ್ತೆ, ಹುಲ್ಲು ಬರುತ್ತೆ, ಮೇವು ಸಿಗುತ್ತೆ. ರಾಗಿ ಹೊಲ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಅದಕ್ಕೆ ಕಾರಣನೂ ಇದೆ, ಒಂದ್ಸಲ ಮೆಳೆ ಬಲಿತ ಮೇಲೆ ಅದನ್ನ ಕೀಳೋಕೆ ಜೆಸಿಬಿನೇ ಬೇಕು, ಆ ಖರ್ಚು ನೋಡಿ ಯಾರೂ ಕೀಳಲ್ಲ. ಬಿದಿರು ಹಾಕೋ ಜಾಗವನ್ನ ಒಂದು ತಲೆಮಾರಿಗೆ ಬಿಟ್ಟುಕೊಟ್ಟೆ ಅಂತ ತಿಳ್ಕೊಂಡೇ ಹಾಕಿ.

ಇನ್ನು ತಾಕು ತಾಕಾಗಿ ಹೇಳ್ತೀನಿ.

ಮಣ್ಣು ತೆಗೆದ ಒಂದೂವರೆ ಎಕರೆ. ಇಲ್ಲಿ ಬಿದಿರು ಸರಿಯಾದ ಆಯ್ಕೆ. ಜಾತಿ ಕಿರುಬಿದಿರು, ಅದೇ ಗಟ್ಟಿ ಬಿದಿರು, ಗಂಡು ಬಿದಿರು ಅಂತಾರಲ್ಲ ಅದು, ಬಯಲುಸೀಮೆಯ ಕುರುಚಲು ಕಾಡಲ್ಲೇ ಬದುಕೋ ಜಾತಿ, ಒಣಹವೆ ತಡೆಯುತ್ತೆ. ಭೀಮಾ ಬಿದಿರು ಅಂತ ಮಾರೋದು ಬಾಲ್ಕೂವಾ ಜಾತಿಯಿಂದ ಆರಿಸಿದ ತಳಿ, ಕೆಟ್ಟದ್ದಲ್ಲ, ಆದ್ರೆ ಅವರು ಹೇಳೋ ಇಳುವರಿ ಬರೋದು ಒಳ್ಳೇ ಮಣ್ಣು, ಡ್ರಿಪ್, ಗೊಬ್ಬರ ಮೂರೂ ಇದ್ದಾಗ. ನಿಮ್ಮ ಒಂದೂವರೆ ಇಂಚು ನೀರಲ್ಲಿ ಐದು ಎಕರೆಗೆ ಅದು ಆಗಲ್ಲ. ಆಸೆ ಇದ್ರೆ ಮನೆ ಬಚ್ಚಲು ನೀರು ಹೋಗೋ ಕಡೆಯೋ ಬೋರ್ ಪಕ್ಕವೋ ಹತ್ತು ಗಿಡ ಹಾಕಿ ನೋಡಿ. ಮಾರಿಹಾಳ ಬಿದಿರೂ ಒಳ್ಳೇದು, ಮುಳ್ಳಿಲ್ಲ, ಗಳ ಹೆಚ್ಚುಕಮ್ಮಿ ಗಟ್ಟಿ, ನೆಟ್ಟಗೆ ಬೆಳೆಯುತ್ತೆ, ಬೆಂಗಳೂರಿನ ಮಲ್ಲೇಶ್ವರದಲ್ಲಿರೋ ಮರ ವಿಜ್ಞಾನ ಸಂಸ್ಥೆಯವರು ಅದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಆದ್ರೆ ಅದರ ತವರು ಕರಾವಳಿ ಕೊಂಕಣದ ಕಡೆ, ನಿಮ್ಮಲ್ಲಿ ನೀರು ಕೊಟ್ರೆ ಮಾತ್ರ.

ನೆಡೋಕೆ ಮುಂಚೆ ಆ ಹೆಪ್ಪುಗಟ್ಟಿದ ನೆಲವನ್ನ ಒಂದ್ಸಲ ಆಳವಾಗಿ ಸೀಳಿಸಿ. ಗುಂಡಿ ಬೇರೆ ಕಡೆ ಎರಡಡಿ ಸಾಕು, ಇಲ್ಲಿ ಮೂರಡಿ ತೆಗೀರಿ, ಕೆರೆಗೋಡು ಮತ್ತೆ ಕೊಟ್ಟಿಗೆ ಗೊಬ್ಬರ ತುಂಬಿ. ಅಂತರ ಐದು ಮೀಟರ್‌ಗೆ ಐದು ಮೀಟರ್, ಎಕರೆಗೆ 160 ಗಿಡ, ಒಂದೂವರೆ ಎಕರೆಗೆ 240 ಆಯ್ತು. ಅದಕ್ಕಿಂತ ಒತ್ತಾಗಿ ಹಾಕಿ ಅಂತ ಏಜೆಂಟ್ ಹೇಳ್ತಾರೆ, ಗಿಡ ಮಾರೋರಿಗೆ ಅದು ಲಾಭ. ಸಾಲಿನ ಮಧ್ಯೆ ಮೊದಲ ಎರಡು ಮೂರು ವರ್ಷ ಅಪ್ಸೆಣಬು, ಹುರುಳಿ, ಅಲಸಂದೆ ಚೆಲ್ಲಿ. ಬಂದಷ್ಟು ಬರ್ಲಿ, ಕಾಳಿಗಾಗಿ ಅಲ್ಲ, ಹೂ ಬರೋ ಹೊತ್ತಿಗೆ ಅಲ್ಲೇ ಮಡಚಿ ನೆಲಕ್ಕೆ ಸೇರಿಸಿ. ಬಿದಿರು ಕೊಡದ ಸಾರಜನಕ ಇವು ಕೊಡ್ತವೆ. ಅಲ್ಲಲ್ಲಿ ಗ್ಲಿರಿಸಿಡಿಯಾ ಕಡ್ಡಿ ಚುಚ್ಚಿ, ಸೊಪ್ಪು ಕಡಿದು ಬಿದಿರು ಬುಡಕ್ಕೇ ಹಾಕ್ಬಹುದು. ನೆಲ ಸುಧಾರಿಸೋದ್ರಲ್ಲಿ ಅರ್ಧ ಕೆಲಸ ಈ ಕೆರೆಗೋಡು ಮತ್ತೆ ಹಸಿರೆಲೆಯದ್ದೇ, ಹೆಸರು ಮಾತ್ರ ಬಿದಿರಿಗೆ ಹೋಗುತ್ತೆ. ನೀರು ಎರಡು ಬೇಸಿಗೆ ಕೊಡಲೇಬೇಕು, ವಾರಕ್ಕೊಂದ್ಸಲ ಗಿಡಕ್ಕೊಂದು ಕೊಡಪಾನ. ಬಿದಿರು ನೀರೇ ಇಲ್ಲದೆ ಬೆಳೆಯುತ್ತೆ ಅನ್ನೋದು ಬಲಿತ ಮೆಳೆಗೆ ಸರಿ, ಸಸಿಗೆ ಅಲ್ಲ.

ನೀರಿಗಿಂತ ಹೆಚ್ಚು ಗಿಡ ಸಾಯೋದು ಮೇಕೆ ಕುರಿ ಬಾಯಲ್ಲಿ. ಮಳೆಗಾಲದಲ್ಲಿ ಏಳೋ ಕಳಲೆ ಅಂದ್ರೆ ಅವಕ್ಕೆ ಹಬ್ಬ, ಮುಳ್ಳುಹಂದಿ ಕಾಡುಹಂದಿನೂ ಬಿಡಲ್ಲ. ಉತ್ತರ ಕನ್ನಡದಲ್ಲಿ ಇದರದ್ದೇ ಒಂದು ದೊಡ್ಡ ಪಾಠ ಇದೆ. ಕಾಗದದ ಕಾರ್ಖಾನೆಗೆ ಸರ್ಕಾರ ಟನ್‌ಗೆ ಒಂದೂವರೆ ರೂಪಾಯಿಗೆ ಬಿದಿರು ಕೊಡ್ತಿದ್ದ ಕಾಲ, ಕಾಡಿನ ಬಿದಿರು ಖಾಲಿ ಆಗ್ತಾ ಬಂತು, ಹಳ್ಳಿಯವರು ಕಡಿದು ಮೇಯಿಸಿ ಹಾಳು ಮಾಡಿದ್ರು ಅಂತ ದೂರು. ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತೆ ಎಸ್.ಎನ್. ಪ್ರಸಾದ್ ಹೋಗಿ ಮೆಳೆ ಮೆಳೆ ನೋಡಿದ್ರು. ಕಡಿಯೋಕೆ ಸಲೀಸಾಗ್ಲಿ, ಮೆಳೆ ಚೆನ್ನಾಗಿ ಬೆಳೀಲಿ ಅಂತ ಕಾರ್ಖಾನೆ ಕಡೆಯವರು ಬುಡದ ಮುಳ್ಳಿನ ಹೊದಿಕೆ ತೆಗೆಸ್ತಿದ್ರು, ಹೊದಿಕೆ ಹೋದ ಮೇಲೆ ಹೊಸ ಕಳಲೆ ಎಲ್ಲಾ ದನಕರು, ಕಾಡುಪ್ರಾಣಿ ಬಾಯಿಗೆ ಸಿಗ್ತಿತ್ತು. ಮುಳ್ಳು ಇರೋದೇ ಕಳಲೆ ಕಾಯೋಕೆ ಅಂತ ಊರವರಿಗೆ ಮೊದಲೇ ಗೊತ್ತಿತ್ತು, ಕೇಳಿದವರಿರಲಿಲ್ಲ. ನಿಮ್ಮ ಕಿರುಬಿದಿರಿಗೆ ಆ ಥರದ ಮುಳ್ಳು ಇರಲ್ಲ, ಹಾಗಾಗಿ ನೀವೇ ಬೇಲಿ ಹಾಕ್ಬೇಕು, ಜಾಲಿ ಮುಳ್ಳು ಸಾಕು. ಮೊದಲ ಮೂರು ಮಳೆಗಾಲ ಊರ ಕುರಿ ಮಂದೆಯವರಿಗೆ ಆ ಕಡೆ ಬಿಡಬೇಡಿ ಅಂತ ಹೇಳಿಟ್ಟಿರಿ.

ಕೊರಕಲು. ಇದನ್ನ ಬಿಟ್ರೆ ಇನ್ನೈದು ವರ್ಷಕ್ಕೆ ರಾಗಿ ಹೊಲದೊಳಗೇ ಬರುತ್ತೆ, ಹಾಗಾಗಿ ದುಡ್ಡು ಕಮ್ಮಿ ಇದ್ರೆ ಮೊದಲು ಇಲ್ಲೇ ಶುರು ಮಾಡಿ. ಗುಜರಾತಿನ ವಾಸದ್‌ನಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆಯವರು ಮಾಹಿ ನದಿಯ ಕೊರಕಲುಗಳಲ್ಲಿ ಇದೇ ಕಿರುಬಿದಿರನ್ನ ಕಂದಕದ ಜೊತೆ ಹಾಕಿ ಒಳ್ಳೇ ಫಲ ನೋಡಿದ್ದಾರೆ. ಅದೇ ಸಂಸ್ಥೆಯ ಒಂದು ಕೇಂದ್ರ ನಮ್ಮ ಬಳ್ಳಾರಿಯಲ್ಲೂ ಇದೆ. ಜನ ಮಾಡೋ ತಪ್ಪು ಏನಂದ್ರೆ ನೀರು ಹರಿಯೋ ತಳದಲ್ಲೇ ಗಿಡ ನೆಡ್ತಾರೆ, ಮೊದಲ ಜೋರು ಮಳೆಗೆ ಕಿತ್ಕೊಂಡು ಹೋಗುತ್ತೆ. ಮೊದಲು ಕೊರಕಲಿಗೆ ಅಡ್ಡಲಾಗಿ ಅಲ್ಲಲ್ಲಿ ಕಲ್ಲು ತಡೆ ಕಟ್ಟಿ, ಅದರ ಹಿಂದೆ ಹೂಳು ನಿಂತ ಮೇಲೆ ಆ ಹೂಳಿನ ಅಂಚಲ್ಲಿ, ಮತ್ತೆ ಎರಡೂ ದಡದ ಮೇಲೆ ನೆಡಿ, ಮೂರು ಮೂರು ಮೀಟರ್‌ಗೆ ಒಂದು. ಇಲ್ಲಿ ಗಳ ಕಡಿಯೋ ಲೆಕ್ಕ ಇಟ್ಕೋಬೇಡಿ, ಮಣ್ಣು ಹಿಡಿದ್ರೆ ಸಾಕು. ಕಲ್ಲು ತಡೆ, ಬದು, ಕಂದಕದ ಕೆಲಸ ಸಣ್ಣ ರೈತರ ಜಮೀನಲ್ಲಿ ಉದ್ಯೋಗ ಖಾತ್ರಿಯಲ್ಲಿ ಮಾಡಿಸೋಕೆ ಈಗ ಅವಕಾಶ ಇದ್ಯಾ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ.

ರಾಗಿ ಬರ್ತಿರೋ ಇಳಿಜಾರು. ನಿಮ್ಮ ಮುಖ್ಯ ಪ್ರಶ್ನೆ ಇದೇ, ರಾಗಿ ಬಿಡದೆ ಬಿದಿರು ಆಗುತ್ತಾ ಅಂತ. ಆಗುತ್ತೆ, ಅಂತರ ಕೊಟ್ರೆ. ಝಾನ್ಸಿಯ ಕೇಂದ್ರೀಯ ಕೃಷಿ ಅರಣ್ಯ ಸಂಶೋಧನಾ ಸಂಸ್ಥೆ ಬುಂದೇಲಖಂಡದಲ್ಲಿ ಕಿರುಬಿದಿರಿನ ಮಧ್ಯೆ ಎಳ್ಳು ಕಡಲೆ ಬೆಳೆದು ನೋಡಿದೆ, ಅಲ್ಲೂ ಒಣಭೂಮಿನೇ, ಅವರು ಇಟ್ಟಿದ್ದು ಹತ್ತು ಹನ್ನೆರಡು ಮೀಟರ್ ಅಂತರ. ಆ ಲೆಕ್ಕದಲ್ಲಿ ಎಕರೆಗೆ 40 ಗಿಡದ ಒಳಗೇ. ಮೊದಲ ಮೂರು ನಾಲ್ಕು ವರ್ಷ ರಾಗಿಗೆ ಏನೂ ಗೊತ್ತಾಗಲ್ಲ, ಆಮೇಲೆ ಮೆಳೆ ಪಕ್ಕದ ಸಾಲುಗಳು ಗಿಡ್ಡ ಆಗ್ತಾ ಬರ್ತವೆ. ಆಗ ಮೆಳೆಯಿಂದ ಏಳೆಂಟು ಅಡಿ ದೂರದಲ್ಲಿ ಒಂದೂವರೆ ಅಡಿ ಅಗಲ ಎರಡಡಿ ಆಳದ ಕಂದಕ ತೆಗೆದು ಬೇರು ಕತ್ತರಿಸ್ಬೇಕು, ಎರಡು ವರ್ಷಕ್ಕೊಂದ್ಸಲ ಮಳೆಗೆ ಮುಂಚೆ ಮತ್ತೆ ಕೆದಕಬೇಕು, ಕೂಲಿ ಖರ್ಚು ಇದೆ. ಕಂದಕ ಇಳಿಜಾರಿಗೆ ಅಡ್ಡಲಾಗಿರಲಿ, ಉದ್ದಕ್ಕೆ ತೆಗೆದ್ರೆ ಅದೇ ಹೊಸ ಕೊರಕಲು.

ನನ್ನನ್ನ ಕೇಳಿದ್ರೆ ನಿಮ್ಮಂಥ ಮೂರೂ ಚಿಲ್ಲರೆ ಎಕರೆ ಇಳಿಜಾರಲ್ಲಿ ಒಳಗಿನ ಬದುಗಳಿಗೆ ಬಿದಿರು ಬೇಡವೇ ಬೇಡ. ತೀರಾ ಕೆಳಗಿನ ಬದು, ಕೊರಕಲಿಗೆ ಅಂಟ್ಕೊಂಡಿರೋದು, ಅಲ್ಲೊಂದು ಸಾಲು ಹಾಕಿ. ಮೇಲಿನ ಬದುಗಳಲ್ಲಿ ಗ್ಲಿರಿಸಿಡಿಯಾ, ಅಡ್ಡಸಾಲಲ್ಲಿ ತೊಗರಿ, ಅಕ್ಕಡಿ ಕಾಳು, ನಮ್ಮ ಹಿರಿಯರು ರಾಗಿ ಜೊತೆ ಹಾಕ್ತಿದ್ದ ಹಂಗೇ. ಇಳುವರಿ ಇಳೀತಿರೋದು ಮಣ್ಣು ತೊಳೆದು ಹೋಗಿ, ಸಾವಯವ ಅಂಶ ಕಮ್ಮಿ ಆಗಿ. ಅದಕ್ಕೆ ಬದು ಮತ್ತೆ ಗೊಬ್ಬರ ಸಾಕು. ಮಣ್ಣು ಪರೀಕ್ಷೆ ಒಂದು ಮಾಡಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಐದೂ ಎಕರೆ ಬಿದಿರು ಹಾಕಿದ್ರೆ ನಾಲ್ಕೈದು ವರ್ಷ ಮನೇಗೆ ರಾಗಿ ಎಲ್ಲಿಂದ, ದನಕ್ಕೆ ಹುಲ್ಲು ಎಲ್ಲಿಂದ, ಆ ಏಜೆಂಟ್‌ನ ಇದೊಂದು ಕೇಳಿ ನೋಡಿ.

ದುಡ್ಡಿನ ವಿಷಯ. ಮಳೆಯಾಶ್ರಯದ ಕಿರುಬಿದಿರಲ್ಲಿ ಐದಾರನೇ ವರ್ಷದಿಂದ ಕಡಿಯೋಕೆ ಶುರು ಮಾಡ್ಬಹುದು, ನಿಮ್ಮ ಗರಸು ನೆಲದಲ್ಲಿ ಇನ್ನೂ ಒಂದೆರಡು ವರ್ಷ ತಡ ಆಗುತ್ತೆ. ಮೆಳೆಗೆ ವರ್ಷಕ್ಕೆ ಐದಾರು ಒಳ್ಳೇ ಗಳ ಸಿಕ್ರೆ ಖುಷಿ ಪಡಿ. ಲಕ್ಷದ ಲೆಕ್ಕ ಮರೆತುಬಿಡಿ. ಅಗರಬತ್ತಿ ಕಡ್ಡಿಗೆ ಬಹಳ ಡಿಮ್ಯಾಂಡ್ ಇದೆ ಅಂತಾನೂ ಹೇಳಿರ್ತಾರೆ. ಡಿಮ್ಯಾಂಡ್ ನಿಜ, 2020ರಲ್ಲಿ ಕೇಂದ್ರ ಸರ್ಕಾರ ಹೊರದೇಶದ ಬಿದಿರು ಕಡ್ಡಿ ಮೇಲಿನ ಆಮದು ಸುಂಕ 10ರಿಂದ 25 ಪರ್ಸೆಂಟ್‌ಗೆ ಏರಿಸಿತು. ಆದ್ರೆ ಆ ಕಡ್ಡಿಗೆ ಗೆಣ್ಣಿನ ನಡುವೆ ಉದ್ದ ಇರೋ ಟುಲ್ಡಾ ಥರದ ಜಾತಿ ಬೇಕು, ಕಿರುಬಿದಿರು ಆಗಿಬರಲ್ಲ. ಕಿರುಬಿದಿರಿಗೆ ನಿಮ್ಮ ಸುತ್ತಲೇ ಗಿರಾಕಿ ಇದೆ. ಟೊಮ್ಯಾಟೊ ಗಿಡಕ್ಕೆ ಆಸರೆ, ಶಿರಾ ಪಾವಗಡ ಕಡೆ ದಾಳಿಂಬೆಗೆ ಊರುಗೋಲು, ಗುಬ್ಬಿ ತಿಪಟೂರು ಕಡೆ ಅಡಿಕೆ ತೋಟದವರು, ಏಣಿ, ಲಾಠಿ, ದೊಣ್ಣೆ. ಗಳ ಲಾರಿಲಿ ತುಂಬ ಜಾಗ ತಿನ್ನುತ್ತೆ, ದೂರ ಸಾಗಿಸಿದ್ರೆ ಬಾಡಿಗೇನೇ ಲಾಭ ನುಂಗುತ್ತೆ, ಹಾಗಾಗಿ ನಲವತ್ತು ಐವತ್ತು ಕಿಲೋಮೀಟರ್ ಒಳಗೆ ಯಾರು ಕೊಳ್ತಾರೆ ಅಂತ ನೆಡೋ ಮುಂಚೆನೇ ನಾಲ್ಕು ಜನರ ಹತ್ರ ಮಾತಾಡಿ. ಹತ್ತಿರದ ಮೇದರ ಕೇರಿಗೂ ಹೋಗಿ ಬನ್ನಿ, ಮೊರ ಬುಟ್ಟಿಗೆ ಅವರಿಗೆ ಬೇರೆ ಥರದ, ಎಳೇ ಗಳ ಬೇಕಾಗುತ್ತೆ, ಯಾವ ಜಾತಿ ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳಲ್ಲ.

ಕಡಿಯೋದು ಮಳೆಗಾಲ ಮುಗಿದು ಕಾರ್ತಿಕ ಕಳೆದ ಮೇಲೆ, ಮಾಘದ ಒಳಗೆ. ಮೂರು ವರ್ಷ ತುಂಬಿದ ಗಳ ಮಾತ್ರ, ನೆಲದಿಂದ ಮೊದಲ ಗೆಣ್ಣಿನ ಮೇಲೆ, ನೀರು ನಿಲ್ಲದ ಹಂಗೆ. ಆ ವರ್ಷದ ಎಳೇದನ್ನ ಮುಟ್ಟಬೇಡಿ, ಮುಂದಿನ ಕಳಲೆಗೆ ಅನ್ನ ಹಾಕೋದು ಅವೇ. ಮೆಳೆ ಮಧ್ಯಕ್ಕೆ ಕೈ ಹೋಗೋ ಹಂಗೆ ಒಂದು ಕಡೆ ಬಾಗಿಲು ತೆರೆದಂಗೆ ಕಡೀತಾ ಬನ್ನಿ, ಇಲ್ಲಾಂದ್ರೆ ಹಳೇ ಗಳ ಒಳಗೇ ಸಿಕ್ಕಾಕೊಂಡು ಮೆಳೆ ಉಸಿರುಗಟ್ಟುತ್ತೆ. ಕಡಿದದ್ದನ್ನ ಮನೆ ಕೆಲಸಕ್ಕೆ ಇಟ್ಕೊಳ್ಳೋದಾದ್ರೆ ಕೆಲವು ವಾರ ನೀರಲ್ಲಿ ನೆನೆಹಾಕಿ ಒಣಗಿಸಿ, ಹುಳು ಕಮ್ಮಿ ಕೊರೆಯುತ್ತೆ. ಎಲೆ ರೆಂಬೆ ಎಲ್ಲಾ ಹೊಲದಲ್ಲೇ ಬಿಡಿ. ಬೇಸಿಗೇಗೆ ಮುಂಚೆ ಸುತ್ತ ಒಂದು ಬೆಂಕಿರೇಖೆ ಕೆರೆದು ಇಡೋದು ಮರೀಬೇಡಿ, ಒಣ ತರಗಿಗೆ ಒಂದು ಬೀಡಿ ತುಂಡು ಸಾಕು.

ಪರ್ಮಿಶನ್ ವಿಷಯ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಬಿದಿರನ್ನ ಮರ ಅಂತ ಲೆಕ್ಕ ಹಿಡಿದಿದ್ರು, ಅದಕ್ಕೇ ಹಳಬರಿಗೆ ಭಯ. 2017ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆನೇ ತಿದ್ದಿ ಬಿದಿರನ್ನ ಮರದ ಪಟ್ಟಿಯಿಂದ ತೆಗೆದ್ರು, ಕಾಡಿನಾಚೆ ಬೆಳೆದ ಬಿದಿರು ಕಡಿಯೋದು ಸಾಗಿಸೋದು ಸಲೀಸಾಗ್ಲಿ ಅಂತಾನೇ ಈ ತಿದ್ದುಪಡಿ. ಆದ್ರೂ ದಾರೀಲಿ ಲಾರಿ ನಿಲ್ಲಿಸಿ ಕೇಳೋರು ಇರ್ತಾರೆ. ಬೆಳೆ ಸಮೀಕ್ಷೆಯಲ್ಲಿ ಬಿದಿರು ಅಂತ ಬರೆಸಿ ಪಹಣಿಯಲ್ಲಿ ಕಾಣೋ ಹಂಗೆ ನೋಡ್ಕೊಳ್ಳಿ, ಕಡಿಯೋ ಮುಂಚೆ ವಲಯ ಅರಣ್ಯ ಕಚೇರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ. ಅದೇ ಕಚೇರಿಯಲ್ಲಿ ಸಹಾಯಧನದ ಬಗ್ಗೆನೂ ಕೇಳಿ. 2018-19ರಲ್ಲಿ ಹೊಸ ರೂಪದಲ್ಲಿ ಶುರುವಾದ ರಾಷ್ಟ್ರೀಯ ಬಿದಿರು ಮಿಷನ್‌ನಲ್ಲಿ ರೈತರಿಗೆ ಖರ್ಚಿನ ಅರ್ಧದಷ್ಟು ಮೂರು ವರ್ಷದಲ್ಲಿ ಕಂತಾಗಿ ಕೊಡೋ ವ್ಯವಸ್ಥೆ ಬಂತು, ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಕ್ಕೆ ಮೂರು ವರ್ಷ ದುಡ್ಡು ಕೊಡ್ತಾರೆ. ದರ ನಿಯಮ ಎಲ್ಲಾ ಬದಲಾಗ್ತಾ ಇರುತ್ತೆ, ಯಾವ ಜಾತಿಗೆ ಯಾವುದು ಅನ್ವಯ, ಯಾವ ನರ್ಸರಿ ಸಸಿಗೆ ಕೊಡ್ತಾರೆ ಅಂತ ನೆಡೋ ಮುಂಚೆನೇ ಖಚಿತ ಮಾಡ್ಕೊಳ್ಳಿ, ನೆಟ್ಟ ಮೇಲೆ ಅರ್ಜಿ ಹಿಡ್ಕೊಂಡು ಹೋದ್ರೆ ಕಷ್ಟ.

ಏಜೆಂಟ್ ಮತ್ತೆ ಬಂದ್ರೆ ನಾವೇ ಕೊಂಡ್ಕೋತೀವಿ ಅನ್ನೋದನ್ನ ಬರೆದು ಕೊಡಿ ಅನ್ನಿ. ರೇಟು ಹಸಿ ತೂಕಕ್ಕಾ ಒಣ ತೂಕಕ್ಕಾ (ಹಸಿ ಬಿದಿರಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ), ಕಡಿಯೋ ಕೂಲಿ ಯಾರದ್ದು, ಲಾರಿ ಬಾಡಿಗೆ ಯಾರದ್ದು, ಗಿಡ ಸತ್ರೆ ಬದಲಿ ಕೊಡ್ತಾರಾ, ಕೊಳ್ಳದೇ ಹೋದ್ರೆ ಏನು, ಇಷ್ಟೂ ಕಾಗದದಲ್ಲಿ ಇರಲಿ. ಅವರ ಗಿಡ ಹಾಕಿ ನಾಲ್ಕೈದು ವರ್ಷ ಆಗಿರೋ, ನಿಮ್ಮಂಥದ್ದೇ ಮಣ್ಣಿನ ಒಂದು ಹೊಲ ತೋರಿಸೋಕೆ ಹೇಳಿ, ಅವರಿಲ್ಲದಾಗ ಹೋಗಿ ಆ ರೈತರ ಹತ್ರ ಮಾತಾಡಿ.

ಈ ವರ್ಷಕ್ಕೆ ನಿಮಗೆ ಬೇಕಾಗೋದು ಹೆಚ್ಚೇನಲ್ಲ. ಬೇಸಿಗೇಲಿ ಕಲ್ಲು ತಡೆ, ಕೆಳಗಿನ ಬದು, ಗುಂಡಿ ಮುಗಿಸಿ. ಅರಣ್ಯ ಇಲಾಖೆ ನರ್ಸರಿಗೆ ಈಗಲೇ ಹೇಳಿಟ್ರೆ ಮಳೆ ಹೊತ್ತಿಗೆ ಸಸಿ ಸಿಗುತ್ತೆ. ನಿಮ್ಮ ಕಡೆ ಒಳ್ಳೇ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಾನೇ, ಜುಲೈ ಕೊನೆ ಆಗಸ್ಟ್ ಮೊದಲ ವಾರದಲ್ಲಿ ಎರಡು ಹದಮಳೆ ಆದ ಮೇಲೆ ನೆಡಿ, ಮೇ ತಿಂಗಳ ಒಂದು ಗುಡುಗುಮಳೆ ನಂಬಿ ನೆಟ್ಟು ಜೂನ್‌ನಲ್ಲಿ ಟ್ಯಾಂಕರ್ ಹುಡುಕೋ ಕೆಲಸ ಬೇಡ. ಕೊರಕಲು ದಡ ಮತ್ತೆ ಗರಸಿನ ಅರ್ಧ ಎಕರೆ ಈ ಸಲ, ಎಷ್ಟು ಗಿಡ ಬೇಸಿಗೆ ದಾಟ್ತವೆ ನೋಡ್ಕೊಂಡು ಉಳಿದ ಒಂದು ಎಕರೆ ಮುಂದಿನ ವರ್ಷ.